ಬಾಗಿಲು ಯಾವ ಕಡೆ

ಉಲಾನ್‌ಬಾತರಿನಲ್ಲಿ ಮೈನಸ್ ಇಪ್ಪತ್ತೊಂಬತ್ತು.
ಕಿಟಕಿಯಾಚೆ ಕಲ್ಲಿದ್ದಲ ಹೊಗೆ
ಎದುರು ಕಟ್ಟಡದ ಮೇಲರ್ಧ ಒರೆಸಿಹಾಕಿದೆ.
ಒಳಗೆ ನಾನು, ತೆಲ್ಮೆನ್,
ಒಂದು ಗುಂಡಿಯ ಮುಂದೆ ಮೂರು ದಿನದಿಂದ.
ಒತ್ತಬೇಕಾದ್ದು ಅದೇ,
ನಾವು ಬಿದ್ದದ್ದೂ ಅದರೊಳಗೇ.

ನಮ್ಮ ಹಳೆಯ ಲಿಪಿ ಮೇಲಿಂದ ಇಳಿಯುತ್ತದೆ
ನಿಂತ ಕುದುರೆಯ ಬಾಲದ ಹಾಗೆ.
ಫೋನು ಮಾಡಿದವರ ಲೋಕದಲ್ಲಿ
ಅಕ್ಷರಗಳು ಅಡ್ಡಡ್ಡ ಮಲಗಿಯೇ ಓಡಾಡುತ್ತವೆ.
ತೆಲ್ಮೆನ್ ಏನು ಮಾಡಿದ,
ಇಡೀ ಪರದೆಯನ್ನೇ ತೊಂಬತ್ತು ಡಿಗ್ರಿ ತಿರುಗಿಸಿಬಿಟ್ಟ.
ಒಂದೇ ಸಾಲಿನ ಕೋಡು.
ಎದ್ದು ನಿಂತವು ಅಕ್ಷರ!
ಕೂಗಿಕೊಂಡೆವು. ಉಪ್ಪು ಚಹಾ ಚೆಲ್ಲಿತು ಮೇಜಿನ ಮೇಲೆ.

ಹಿಮಗಾಳಿಗೆ ಸಿಕ್ಕ ಕುರಿಗಾಹಿಗಳ ಆ್ಯಪು ಇದು.
ಒಂದು ಸಲ ಒತ್ತಿದರೆ
‘ಸಿಕ್ಕಿಬಿದ್ದಿದ್ದೇನೆ’ ಎಂದು ಕಚೇರಿಗೆ ಹೋಗಬೇಕು.
ಹೋಗುತ್ತಿತ್ತು ಕೂಡ.
ಕಂಪ್ಯೂಟರಿನಲ್ಲಿ ಎಂಟರ್ ಕುಟ್ಟಿ ನೋಡಿದ್ದೆವು ನೂರು ಸಲ.
ಬೆರಳಿಟ್ಟು ನೋಡಿರಲಿಲ್ಲ. ಒಂದು ಸಲವೂ.

ಬೆರಳು ಬಂತು ಗುರುವಾರ,
ತೆಲ್ಮೆನನ ತಾಯಿಗೆ ಹೆಪ್ಪುಗಟ್ಟಿದ ಮಾಂಸದ ಮೂಟೆ ಹೊತ್ತು,
ಜಮ್ಸ್ರಾನ್‌ಜಾವ್ ಮಾವನ ರೂಪದಲ್ಲಿ.
ಗುಂಡಿಯ ಮೇಲೆ ಹೆಬ್ಬೆರಳಿಟ್ಟ. ಊಹೂಂ.
ಮೊಂಡು ಬೀಗ ಒತ್ತುವ ಹಾಗೆ ಒತ್ತಿದ. ಊಹೂಂ.
ಬೇಸತ್ತು ಫೋನು ಕೆಳಗಿಡುವಾಗ
ಬೆರಳು ಜಾರಿತು ಖಾಲಿ ಮೂಲೆಗೆ.
ಅಲ್ಲಿ ಏನೂ ಇಲ್ಲ, ಬರೀ ಬಿಳಿ.
ನಮ್ಮ ಕಂಪ್ಯೂಟರ್ ಕಿರುಚಿತು:
ಸಿಕ್ಕಿಬಿದ್ದಿದ್ದೇನೆ.

ಎಲ್ಲ ಡಬ್ಬಿಗಳಿಗೂ ಕೆಂಪು ಗೆರೆ ಹಾಕಿ ನೋಡಿದೆ.
ಚಿತ್ರ ಎದ್ದು ನಿಂತಿತ್ತು,
ಸ್ಪರ್ಶ ಮಲಗಿದಲ್ಲೇ ಮಲಗಿತ್ತು.
ಕಣ್ಣು ಹೇಳುವ ಕಡೆ ಕೈಗೆ ಕೆಲಸವಿಲ್ಲ,
ಕೈಗೆ ಕೆಲಸವಿರುವ ಕಡೆ ಕಣ್ಣಿಗೆ ಏನೂ ಇಲ್ಲ.

ಬೈಯಲು ಬಾಯಿ ತೆರೆದವಳು ಸುಮ್ಮನಾದೆ.
ಮನೆ ಬದಲಿಸಿ ಎಂಟು ತಿಂಗಳು,
ಕತ್ತಲಲ್ಲಿ ನನ್ನ ಕೈ ಈಗಲೂ
ಹಳೆಯ ಗೋಡೆಯ ಸ್ವಿಚ್ಚು ಹುಡುಕುತ್ತದೆ.
ಆ ಗೋಡೆಯೇ ಈ ಮನೆಯಲ್ಲಿಲ್ಲ.

ಮಾವ ಪುಟ ತಿರುವುತ್ತಾ ಕೇಳಿದ,
‘ಇದಕ್ಕೆ ಬಾಗಿಲು ಯಾವ ಕಡೆ?’
ತೆಲ್ಮೆನ್ ನಕ್ಕ.
ಮಾವ ನಗಲಿಲ್ಲ.
‘ಯಾರ ಗೆರ್‌ಗಾದರೂ ಹೋಗು ಸೊಲೊಂಗೊ,
ಬಾಗಿಲು ತೆಂಕಣ, ಒಲೆ ನಡುವೆ,
ಜೀನು ಪಡುವಣ, ಸೌಟು ಮೂಡಣ,
ದೇವರೂ ಅತಿಥಿಯೂ ಬಡಗಣ.
ದೀಪ ಆರಿದರೂ ಅಪರಿಚಿತನೊಬ್ಬ
ಬಟ್ಟಲಿಗೆ ಕೈ ಹಾಕಬಲ್ಲ.
ನಿಮ್ಮ ಈ ಮನೆಯಲ್ಲಿ
ಕೋಣೆಗೊಂದು ಕಡೆ ಸೌಟು ನೇತುಹಾಕಿದ್ದೀರಿ.’

ಆ ರಾತ್ರಿ ತಿರುವಿದ್ದನ್ನೆಲ್ಲ ಬಿಚ್ಚಿದೆವು.
ಅಗಲವೆಂದುಕೊಂಡದ್ದನ್ನು ಎತ್ತರವೆಂದು
ಮತ್ತೆ ಮೊದಲಿಂದ ಅಳೆದೆವು.
ಹಿಂದೆ ಹೋಗುವ ಬಾಣ ಎಲ್ಲ ಪುಟದಲ್ಲೂ ಒಂದೇ ಕಡೆ,
ಕರೆಯುವ ಗುಂಡಿ ಕೆಳಗೆ, ಹೆಬ್ಬೆರಳ ಹತ್ತಿರ,
ಅಂಗೈಯಷ್ಟು ದೊಡ್ಡದು.
‘ರೊಟ್ಟಿ ತಟ್ಟಿಟ್ಟ ಹಾಗಿದೆ, ಅಸಹ್ಯ’ ಅಂದ ತೆಲ್ಮೆನ್.
ಅಂದುಕೊಂಡೇ ಇನ್ನೂ ಒಂದಿಷ್ಟು ಹಿಗ್ಗಿಸಿದ.

ಟ್ಯಾಬ್ಲೆಟ್ಟಿನಲ್ಲಿ ಉದ್ದ ಪದಗಳ ಬಾಲ
ಇನ್ನೂ ತುಂಡಾಗುತ್ತದೆ. ಯಾಕೋ ಗೊತ್ತಿಲ್ಲ.

ಶನಿವಾರ ಮುಂಜಾನೆ ಮಾವನನ್ನು ಹೊರಗೆ ನಿಲ್ಲಿಸಿ
ಕಿಟಕಿಯಿಂದ ಕೈಬೀಸಿದೆ.
ತುಪ್ಪಳದ ಕೈಗವಸು. ಅದನ್ನು ಕಳಚುವ ಚಳಿಯಲ್ಲ,
ಗವಸಿನ ಮುಟ್ಟು ಗಾಜಿಗೆ ತಿಳಿಯುವುದಿಲ್ಲ.
ಇದನ್ನು ನಾವು ಯೋಚಿಸಿರಲೇ ಇಲ್ಲ.
ಅವನು ಫೋನನ್ನೊಮ್ಮೆ ನೋಡಿದ, ನನ್ನನ್ನೊಮ್ಮೆ.
ಆಮೇಲೆ ಮುಖದ ಹತ್ತಿರ ತಂದು,
ಮರಿಯನ್ನು ಮೂಸುವ ಕುರಿಯ ಹಾಗೆ,
ಮೂಗಿನಿಂದ ಒತ್ತಿದ.

ಹಿಂದೆ ಮೇಜಿನ ಮೇಲೆ ಕಂಪ್ಯೂಟರ್ ಕೂಗಿಕೊಂಡಿತು.